ಹೆಸರು ಕೂಗುವ ಕೆಲಸ

ಗೋವೆಯ ವಾಸ್ಕೋದ ಮಾರ್ಕೆಟ್ಟಿನಲ್ಲಿ ಹಗ್ಗ, ತಾಡಪತ್ರಿ, ಕೈಗವಸುಗಳ ಅಂಗಡಿ ಇಟ್ಟಿದ್ದ ಪಂಚಾಕ್ಷರಿಗೆ ಜನರ ಮುಖ ನೋಡಿ ಅವರ ಕೆಲಸ ಹೇಳುವ ಚಟವಿತ್ತು. ಮುಂಜಾನೆ ಅಂಗಡಿಯ ಬಾಗಿಲು ಎತ್ತಿ, ಊದುಬತ್ತಿ ಹಚ್ಚಿ, ಮೆಟ್ಟಿಲ ಮೇಲೆ ನಿಂತನೆಂದರೆ ಅರ್ಧ ತಾಸು ಅದೇ ಉದ್ಯೋಗ. ಸಿಡುಕಿಕೊಂಡು ಹೋದವನು ಸರಕಾರಿ ನೌಕರ, ಓಡುತ್ತ ಹೋದವನು ಕೂಲಿ, ಎಡಬಲ ಕಣ್ಣಾಡಿಸುತ್ತ ಹೋದವನು ವ್ಯಾಪಾರಸ್ಥ. ಇಷ್ಟು ವರ್ಷದಲ್ಲಿ ಅವನ ತಕ್ಕಡಿ ತಪ್ಪಿದ್ದು ಒಬ್ಬನ ವಿಷಯದಲ್ಲಿ ಮಾತ್ರ, ಅವನೂ ಮನೆಯವನೇ. ಅಣ್ಣನ ಮಗ ಗುರುಲಿಂಗ ದಿನಾ ಸೀಟಿ ಹೊಡೆಯುತ್ತ ಹೋಗುತ್ತಿದ್ದ.

"ಏನಪಾ, ಯಾರ ಮದಿವಿ?" ಎಂದು ಪಂಚಾಕ್ಷರಿ ಕೇಳುತ್ತಿದ್ದ.

"ಕೆಲಸಕ್ಕ ಹೊಂಟೇನಿ ಕಾಕಾ."

"ಕೆಲಸಕ್ಕ ಹೋಗೋ ಮಾರಿ ಹಿಂಗ ಇರೂದಿಲ್ಲೋ. ಇದು ಸಿನಿಮಾಕ್ಕ ಹೋಗೋ ಮಾರಿ. ಸಿನಿಮಾಕ್ಕ ನಾವು ರೊಕ್ಕಾ ಕೊಟ್ಟು ಒಳಗ ಹೋಗತೇವಿ. ನಿನಗ ಉಲ್ಟಾ ಅವರ ಕೊಡ್ತಾರಂದ್ರ ಎಲ್ಲೋ ಏನೋ ತಪ್ಪೇತಿ. ನೋಡ್ಕೋ."

ಗುರುಲಿಂಗ ನಗುತ್ತ ಮುಂದೆ ಹೋಗುತ್ತಿದ್ದ. ಬೆಳಗಾವಿಯಲ್ಲಿ ಎರಡು ವರ್ಷ ಕಂಪ್ಯೂಟರ್ ಕಲಿತು ಬಂದಿದ್ದ ಅವನನ್ನು ಕಾಕಾನೇ ಶಂಕರಲಿಂಗ ಸಾವಕಾರರ ಹತ್ತಿರ ಹಚ್ಚಿದ್ದ. ಶಂಕರಲಿಂಗರದು ಬಂದರಿನ ಕೆಲಸಕ್ಕೆ ಆಳು ಒದಗಿಸುವ ದಂಧೆ. ಹಡಗಿನ ತಳ ಬಳಿಯಲು, ಗೋಣಿ ಎತ್ತಲು, ಸರಕಿನ ಬಾರ್ಜು ದೋಣಿ ತೊಳೆಯಲು ಇನ್ನೂರಕ್ಕೂ ಮೇಲೆ ಮಂದಿ. ಎದುರಾಳಿ ಗುತ್ತಿಗೆದಾರ ಕಂಪ್ಯೂಟರ್ ತಂದನೆಂದು ಇವರೂ ತಂದಿದ್ದರು. ತಂದು, ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ, ಆರು ತಿಂಗಳು ಹಾಗೆಯೇ ಇಟ್ಟಿದ್ದರು. ಎರಡು ಸಾವಿರದ ನಾಲ್ಕರಲ್ಲಿ ಗುರುಲಿಂಗ ಬಂದು ಆ ಬಟ್ಟೆ ತೆಗೆದ.

ಯಾರು ಎಷ್ಟು ಪಾಳಿ ಮಾಡಿದರು, ಯಾರು ರಜೆಯ ಮೇಲೆ, ಯಾರು ಬದಲಿ: ಇಷ್ಟನ್ನು ತಿಳಿಸುವ ಪ್ರೋಗ್ರಾಮು ಬರೆಯುವುದು ಅವನಿಗೆ ಒಪ್ಪಿಸಿದ ಕೆಲಸ. ಅದನ್ನು ಅವನು ಎರಡು ತಿಂಗಳಲ್ಲಿ ಮುಗಿಸಿದ. ಮುಗಿಸಿದ ಮೇಲೂ ಊಟಕ್ಕೆ ಏಳಲಿಲ್ಲ. ಒಂದು ಸಾಲು ಬರೆದರೆ ಆ ಡಬ್ಬಿ ಹೇಳಿದಂತೆ ಕೇಳುತ್ತಿತ್ತಲ್ಲ, ಆ ರುಚಿ ಅವನಿಗೆ ಹತ್ತಿಬಿಟ್ಟಿತ್ತು. ಮನೆಯಲ್ಲಿ ಯಾರೂ, ಕಾಕಾನ ಅಂಗಡಿಯ ಬೆಕ್ಕೂ ಸಹ, ಅವನ ಮಾತನ್ನು ಅಷ್ಟು ಚೊಕ್ಕವಾಗಿ ಕೇಳಿದ್ದಿಲ್ಲ. ತಿಂಗಳ ಕೊನೆಗೆ ಪಗಾರದ ಪಾಕೀಟು ಕೈಗೆ ಬಂದಾಗ ಅವನಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಶಂಕರಲಿಂಗರಿಗೆ ಅಂಥ ನಾಚಿಕೆಗಳು ಗೊತ್ತಿರಲಿಲ್ಲ. "ನೀ ನಗಕೋತ ಮಾಡು, ಅಳಕೋತ ಮಾಡು. ಆರಕ್ಕ ಹಾಜರಿ, ಏಳಕ್ಕ ಮಂದಿ ಹಡಗಿನ ಮ್ಯಾಲ. ಅಷ್ಟ ನನಗ ಬೇಕು" ಎನ್ನುತ್ತಿದ್ದರು.

ಆ ಹಾಜರಿ ಕೂಗುವವನು ಲೋಕಪ್ಪ.

ಬೆಳಿಗ್ಗೆ ಆರಕ್ಕೆ ಅಂಗಳದ ಕಟ್ಟೆಯ ಮೇಲೆ ಅವನು ಹತ್ತಿ ನಿಂತರೆ ಬಂದರಿನ ಗೇಟಿನವರೆಗೂ ದನಿ ಹೋಗುತ್ತಿತ್ತು. ವಿಜಾಪುರ, ಬಾಗಲಕೋಟೆ, ಗದಗ ಕಡೆಯ ಮಂದಿ. ಅವರಲ್ಲಿ ಮಲ್ಲಪ್ಪಗಳೇ ಎಂಟು ಜನ, ಹಣಮಂತಗಳು ಐದು. ಲೋಕಪ್ಪ ಅಪ್ಪನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಸೇರಿಸುತ್ತಿರಲಿಲ್ಲ. ಒಬ್ಬೊಬ್ಬ ಮಲ್ಲಪ್ಪನಿಗೆ ಒಂದೊಂದು ರಾಗ. ಒಬ್ಬನದು ಮೇಲೇರಿ ನಿಲ್ಲುತ್ತಿತ್ತು, ಒಬ್ಬನದು ನಡುವೆ ಮುರಿದು ಇಳಿಯುತ್ತಿತ್ತು. ಎಂಟೂ ಮಂದಿಗೆ ತಮ್ಮ ರಾಗ ಗೊತ್ತು. ಒಬ್ಬನ ಹೆಸರಿಗೆ ಇನ್ನೊಬ್ಬ ಓಗೊಟ್ಟದ್ದಿಲ್ಲ. ಒಂದು ಹೆಸರಿಗೆ ಮೂರು ಕೂಗು. ಮೊದಲನೆಯದು ಸಾದಾ, ಎರಡನೆಯದು ಎಳೆದು, ಮೂರನೆಯದು ಕಡಿದ ಹಾಗೆ. ಮೂರಕ್ಕೂ "ಹಾಜರ್" ಬರದಿದ್ದರೆ ಆ ದಿನದ ಕೆಲಸ ಬದಲಿಯವನಿಗೆ. ಇಪ್ಪತ್ತೆರಡು ವರ್ಷ ಅವನು ಇದನ್ನೇ ಮಾಡಿದ್ದ.

ಗುರುಲಿಂಗ ಕಿಟಕಿಯಿಂದ ಕೇಳುತ್ತಿದ್ದ. ಕೇಳಿ ಕೇಳಿ ಒಂದು ದಿನ ಅವನಿಗೆ ಅನಿಸಿತು: ಇದನ್ನು ಮಷೀನಿನಿಂದ ಕೂಗಿಸಿದರೆ ಹೇಗೆ? ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ. ಪಣಜಿಗೆ ಬಸ್ಸು ಹತ್ತಿ ತನ್ನದೇ ದುಡ್ಡಿನಲ್ಲಿ ಒಂದು ಮೈಕು ತಂದ. ಪಗಾರ ತೆಗೆದುಕೊಳ್ಳುವ ಮನುಷ್ಯ ಮಾಲೀಕನ ಕೆಲಸಕ್ಕೆ ತನ್ನ ಕಿಸೆಯಿಂದ ಸಾಮಾನು ತಂದನೆಂದರೆ ಅವನು ಎಷ್ಟು ಖುಷಿಯಲ್ಲಿದ್ದ ಎಂದು ಬೇರೆ ಹೇಳಬೇಕಾಗಿಲ್ಲ.

"ಇದ್ಯಾತಕ್ಕೋ ತಮ್ಮಾ?" ಲೋಕಪ್ಪ ಮೈಕನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸುಮ್ನರಿ ಅಣ್ಣಾರ. ಮಜಾ ನೋಡೂಣು."

"ಮಜಾಕ್ಕಂದ್ರ ಅಡ್ಡಿಯಿಲ್ಲ. ಕೆಲಸಕ್ಕಂದಿದ್ರ ಸಾವಕಾರ್ರನ್ನ ಕೇಳಬೇಕಾಗ್ತಿತ್ತು."

ಗೋದಾಮಿನಲ್ಲಿ ಹಗ್ಗದ ಸುರುಳಿಗಳ ನಡುವೆ ಕೂತು ಹನ್ನೊಂದು ಮಧ್ಯಾಹ್ನ ಇಬ್ಬರೂ ಹೆಸರು ತುಂಬಿದರು. ಇನ್ನೂರ ಹನ್ನೆರಡು ಹೆಸರು, ಒಂದೊಂದು ಮೂರು ಸಲ. ಒಂದು ದಿನ ಗುರುಲಿಂಗನಿಗೆ ತಡೆಯಲಾಗಲಿಲ್ಲ. "ಕೂಗೂದಂದ್ರ ನಿಮಗ ಭಾಳ ಖುಷಿ ಅಲ್ರಿ ಅಣ್ಣಾರ? ಹಾಡಿದಂಗ ಕೂಗ್ತೀರಿ" ಎಂದ. ಲೋಕಪ್ಪ ತಂಬಿಗೆ ಎತ್ತಿ ಗುಟುಕು ನೀರು ಕುಡಿದು, "ಮುಂದಿನ ಹೆಸರು ಹೇಳು" ಎಂದ.

ಆಮೇಲೆ ಗುರುಲಿಂಗನ ಹಬ್ಬ ಶುರುವಾಯಿತು. ಮೊದಲ ಸಲ ಕೂಗಿಸಿದಾಗ ಹೆಸರುಗಳು ರೈಲಿನ ಡಬ್ಬಿಗಳಂತೆ ಒಂದಕ್ಕೊಂದು ಗುದ್ದಿದವು. ನಡುವೆ ಜಾಗ ಬಿಟ್ಟ. ಆಗ ಅಂಚೆಯವನು ಓದಿದಂತಾಯಿತು. ಜಾಗವನ್ನು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಮಾಡಿದ, ಜೀವ ಬಂತು. ಆದರೂ ಏನೋ ಕೊರತೆ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಉಸಿರು. ಹೆಸರಿಗೆ ಮುಂಚೆ ಲೋಕಪ್ಪ ಎಳೆದುಕೊಳ್ಳುತ್ತಿದ್ದ ಉಸಿರನ್ನು ತಾನೇ ಕತ್ತರಿಸಿ ಬಿಸಾಕಿದ್ದ. ಅದನ್ನೆಲ್ಲ ಹೆಕ್ಕಿ ತಂದು ಮತ್ತೆ ಅಂಟಿಸಿದ. ಕೊನೆಗೆ, ಊಟವಾದ ಮೇಲೆ ವೀಳ್ಯದೆಲೆ ಹಾಕಿಕೊಂಡಂತೆ, ಐವತ್ತು ಹೆಸರಿಗೊಮ್ಮೆ ಲೋಕಪ್ಪ ಗಂಟಲು ಸರಿಮಾಡಿಕೊಂಡು ಕೆಮ್ಮುವ ಹಾಗೂ ಮಾಡಿದ. ಅದನ್ನು ಕೇಳಿ ಗೋದಾಮಿನಲ್ಲಿ ಒಬ್ಬನೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಖಂಡೇನವಮಿಯ ದಿನ ಕಂಪ್ಯೂಟರಿಗೂ ಚೆಂಡುಹೂವಿನ ಮಾಲೆ ಬಿತ್ತು. ಪೂಜೆಯಾದ ಮೇಲೆ ಗುರುಲಿಂಗ ಅಂಗಳದ ಲೌಡ್‌ಸ್ಪೀಕರಿಗೆ ತಂತಿ ಕೂಡಿಸಿ ಗುಂಡಿ ಒತ್ತಿದ. ಲೋಕಪ್ಪ ಕೆಳಗೆ ಮಂದಿಯ ನಡುವೆ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅವನ ದನಿ ಮೇಲಿಂದ ಬಂತು. ಕೆಮ್ಮು ಬಂದಾಗಂತೂ ಅಂಗಳ ನಗೆಯಿಂದ ಹಾರಿಬಿತ್ತು. ಆಳುಗಳ ಮುಖಂಡ ಕಂಠೆಪ್ಪ, "ಅಣ್ಣಗ ಮಷಿನಿನ್ಯಾಗೂ ಥಂಡಿ ಆಗೇತಿ ನೋಡ್ರಲೇ! ಯಾರರ ಕಷಾಯ ಕಾಸ್ರಿ!" ಎಂದು ಕೂಗಿದ. ಲೋಕಪ್ಪನೂ ನಕ್ಕ. ನಗದಿದ್ದವರು ಶಂಕರಲಿಂಗ ಒಬ್ಬರೇ. ಒಳ್ಳೆಯ ಸರಕು ಕಂಡ ವ್ಯಾಪಾರಿ ನಗುವುದಿಲ್ಲ. ಸುಮ್ಮನೆ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡುತ್ತಾನೆ.

"ಇದು ಮಳಿಗಾಲದಾಗೂ ಕೂಗತೈತೇನು?" ಎಂದರು.

"ಕೂಗತೈತ್ರಿ."

"ಊರಾಗ ಲಗ್ನ ಐತಿ, ರಜಾ ಕೊಡ್ರಿ ಅನ್ನೂದಿಲ್ಲ?"

"ಎಲ್ಲೀದ್ರಿ ಸಾವಕಾರ್ರ!" ಗುರುಲಿಂಗ ನಕ್ಕ. ಅದೂ ಚೇಷ್ಟೆಯೇ ಎಂದುಕೊಂಡಿದ್ದ.

ದೀಪಾವಳಿಗೆ ಲೋಕಪ್ಪನಿಗೆ ಒಂದು ಧೋತ್ರ, ಒಂದು ಶಾಲು, ಒಂದು ತೆಂಗಿನಕಾಯಿ ಕೊಟ್ಟು, ಇನ್ನು ಆರಾಮ ತೊಗೋರಿ ಎಂದು ಕಳಿಸಿದರು. ಅವನು ಹೋಗುವ ಮುಂಚೆ ಗುರುಲಿಂಗನ ಕಿಟಕಿಯ ಹತ್ತಿರ ಬಂದ. ಗುರುಲಿಂಗ ಏನಾದರೂ ಹೇಳಬೇಕೆಂದು ಎದ್ದು ನಿಂತ. ಲೋಕಪ್ಪನೇ, "ಮಜಾ ಚಲೋ ಆತು ತಮ್ಮಾ" ಎಂದ. ಸಿಟ್ಟಿನಿಂದ ಹೇಳಿದನೋ, ಸಹಜವಾಗಿ ಹೇಳಿದನೋ, ಆ ದನಿಯನ್ನು ತುಂಡು ತುಂಡಾಗಿ ಬಲ್ಲವನಿಗೂ ತಿಳಿಯಲಿಲ್ಲ.

ಶಿವರಾತ್ರಿ ಇನ್ನೂ ಎಂಟು ದಿನವಿತ್ತು. ಲೋಕಪ್ಪ ಮಾಂಗೋರ ಗುಡ್ಡದ ತನ್ನ ಮನೆಯಲ್ಲಿ ಬೆಳಗಿನ ಚಹಾ ಕುಡಿಯುತ್ತ ಕೂತವನು ಹಾಗೆಯೇ ಗೋಡೆಗೆ ಒರಗಿದ. ಎದೆಯ ಬೇನೆ ಎಂದರು. ವಯಸ್ಸೂ ಆಗಿತ್ತು. ಯಾರ ಮೇಲೂ ಯಾರೂ ಬೆರಳು ತೋರಿಸಲಿಲ್ಲ.

ಮರುದಿನ ಬೆಳಿಗ್ಗೆ ಕಂಠೆಪ್ಪ ಮತ್ತು ಮೂವತ್ತು ಮಂದಿ ಹೆಗಲು ಕೊಡಲು ಗುಡ್ಡ ಹತ್ತಿದರು. ಬಂದರಿನಲ್ಲಿ ಹಡಗು ನಿಂತಿತ್ತು, ಹಾಜರಿ ನಿಲ್ಲಿಸುವ ಹಾಗಿರಲಿಲ್ಲ. ಆರಕ್ಕೆ ಮಷೀನು ಶುರುವಾಯಿತು. ಉಸಿರು ಎಳೆದುಕೊಂಡಿತು. "ಕಂಠೆಪ್ಪಾ." ಮತ್ತೆ ಉಸಿರು. "ಕಂಠೆಪ್ಪಾ...". ತನ್ನ ಹೆಣಕ್ಕೆ ಹೆಗಲು ಕೊಟ್ಟ ಮೂವತ್ತೊಂದು ಮಂದಿಯನ್ನು ಲೋಕಪ್ಪನ ದನಿ ಮೂರು ಮೂರು ಸಲ ಕೂಗಿ ಕರೆದು, ಬರಲಿಲ್ಲವೆಂದು ಗೈರುಹಾಜರಿ ಹಾಕಿತು. ನಡುವೆ ನಾಲ್ಕು ಸಲ ಕೆಮ್ಮಿತು. ಕೀಲಿಮಣೆಯ ಮುಂದೆ ಕೂತಿದ್ದ ಗುರುಲಿಂಗ ಒಂದೊಂದಕ್ಕೂ ಗುಂಡಿ ಒತ್ತಿದ. ಒತ್ತದಿದ್ದರೆ ಮುಂದಿನ ಹೆಸರು ಬರುವುದಿಲ್ಲ. ಹಾಗೆ ಮಾಡಿಟ್ಟವನೂ ಅವನೇ.

ಅವತ್ತಿನಿಂದ ಸೀಟಿ ನಿಂತಿತು. ಪಂಚಾಕ್ಷರಿ ಮೊದಲು ಸಮಾಧಾನಪಟ್ಟುಕೊಂಡ. "ಈಗ ನೋಡು, ಪಗಾರದವನ ಮಾರಿ ಬಂತು" ಎಂದ. ಆದರೆ ನಾಲ್ಕು ದಿನದಲ್ಲಿ ಅವನಿಗೂ ಬೇರೆ ಏನೋ ಕಾಣಿಸಿತು. ಹುಡುಗ ಕರೆದರೆ ಓ ಎನ್ನುತ್ತಿರಲಿಲ್ಲ.

"ಗುರ್ಯಾ... ಏ ಗುರ್ಯಾ! ಕಿವಿ ಎಲ್ಲಿ ಮಾರಿ ಬಂದೀಯೋ?"

ಕಿವಿಗೆ ಏನೂ ಆಗಿರಲಿಲ್ಲ, ಅದು ಹೆಚ್ಚಿಗೆ ಕೇಳುತ್ತಿತ್ತು. ಯಾರೇ ಅವನನ್ನು ಕರೆಯಲಿ, ಹೆಸರಿಗಿಂತ ಮುಂಚೆ ಅವರು ಎಳೆದುಕೊಳ್ಳುವ ಉಸಿರು ಕೇಳಿಬಿಡುತ್ತಿತ್ತು. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟಿನಿಂದ, ಊಟಕ್ಕೆ ಕರೆಯುವ ಕಾಕಾನ ಹೆಂಡತಿ ಕಾಕುವಿನ ಬಾಯಿಂದ. ಆ ಉಸಿರಿನ ಅಳತೆ ಅವನಿಗೆ ಗೊತ್ತಿತ್ತು. ಅವನೇ ಕತ್ತರಿಸಿದ್ದ, ಅವನೇ ಅಂಟಿಸಿದ್ದ. ಅದು ಬಂತೆಂದರೆ ಮುಂದೆ ತನ್ನ ಹೆಸರು ಯಾರ ದನಿಯಲ್ಲಿ ಬರುತ್ತದೋ ಎಂದು ಬೆನ್ನು ಸೆಟೆದು ಕೂತುಬಿಡುತ್ತಿದ್ದ.

ಅಂಗಳದ ಮಂದಿ ಅವನಿಗಿಂತ ಗಟ್ಟಿ. ದಿನಾ ಹೊಟ್ಟೆಗೆ ಬೇಕಾದವರು ಸತ್ತವನ ದನಿಗೂ ಒಗ್ಗಿಕೊಂಡರು. ಮೊದಮೊದಲು ಹಣೆಗೆ ಕೈ ಮುಟ್ಟಿಸಿ "ಹಾಜರ್" ಎನ್ನುತ್ತಿದ್ದರು. ಮಳೆಗಾಲದ ಹೊತ್ತಿಗೆ ಅದೂ ಬಿಟ್ಟುಹೋಯಿತು. ಲೋಕಪ್ಪನ ಹೆಂಡತಿ ನೀಲವ್ವ ಗೇಟಿನ ಹೊರಗೆ ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಪುಂಡಿಪಲ್ಯ ಮಾರಲು ಕೂತಳು. ದಿನಾ ಆರಕ್ಕೆ ಐದು ನಿಮಿಷ ಮುಂಚೆ ಬರುತ್ತಿದ್ದಳು, ಹಾಜರಿ ಮುಗಿಯುವತನಕ ತಲೆ ಎತ್ತುತ್ತಿರಲಿಲ್ಲ. ಗಂಡನ ದನಿ ಕೇಳಲು ಬರುತ್ತಾಳೆ ಎಂದು ಗುರುಲಿಂಗ ತೀರ್ಮಾನಿಸಿಕೊಂಡ. ಆ ತೀರ್ಮಾನದಲ್ಲಿ ಅವನಿಗೂ ಚೂರು ನೆರಳು ಸಿಕ್ಕಿತು. ತಾನು ಮಾಡಿದ್ದು ಒಬ್ಬರಿಗಾದರೂ ಬೇಕಾಗಿದೆಯಲ್ಲ!

ಮಳೆ ಮುಗಿದು ಹಡಗುಗಳ ಹಂಗಾಮು ಶುರುವಾದಾಗ ಹೊಸ ಆಳುಗಳು ಬಂದರು. ಅವರ ಹೆಸರು ಮಷೀನಿನಲ್ಲಿ ಇರಲಿಲ್ಲ. ಗುಮಾಸ್ತ ಬಾಯಲ್ಲೇ ಕರೆಯುತ್ತಿದ್ದ. ಅವರಲ್ಲಿ ಒಬ್ಬ ಹುಸೇನಸಾಬ, ಇಂಡಿ ಕಡೆಯವ, ನಲವತ್ತೈದು ದಾಟಿದ ಗಂಭೀರ ಮನುಷ್ಯ. ಪಟ್ಟಿ ನೋಡುತ್ತಿದ್ದ ಗುರುಲಿಂಗನಿಗೆ ಥಟ್ಟನೆ ಹೊಳೆಯಿತು: ಹಳೆಯವರಲ್ಲಿ ಒಬ್ಬ ಇಮಾಮಹುಸೇನ ಇದ್ದಾನೆ, ಇನ್ನೊಬ್ಬ ಮೌಲಾಸಾಬ. ಅವನ ಬಾಲ, ಇವನ ಬಾಲ, ಎರಡನ್ನೂ ಕೂಡಿಸಿದರೆ?

ಏಳು ತಿಂಗಳಿಂದ ಸತ್ತುಬಿದ್ದಿದ್ದ ಖುಷಿ ಎದ್ದು ಕೂತಿತು. ಎರಡು ದಿನ ಅವನು ಊಟ ಮರೆತ. ಒಂದರ ಏರು, ಇನ್ನೊಂದರ ಇಳಿತ ಸರಿಹೊಂದಿಸಿದ, ನಡುವಿನ ಗೀರು ತೀಡಿದ, ಮುಂದೆ ಉಸಿರಿಟ್ಟ. ಕೊನೆಗೆ ಕೇಳಿದರೆ ಬೆಸುಗೆ ಎಲ್ಲಿದೆ ಎಂದು ಅವನಿಗೇ ಸಿಗಲಿಲ್ಲ. ಎಷ್ಟೋ ತಿಂಗಳ ಮೇಲೆ ಸಂಜೆ ಸೀಟಿ ಹೊಡೆಯುತ್ತ ಮನೆಗೆ ಹೋದ.

ಸೋಮವಾರ ಬೆಳಿಗ್ಗೆ ಲೌಡ್‌ಸ್ಪೀಕರು ಉಸಿರೆಳೆದು, "ಹುಸೇನಸಾಬಾ" ಎಂದಿತು.

ಹುಸೇನಸಾಬ ರೂಢಿಯಂತೆ "ಹಾಜರ್" ಎಂದು ಎರಡು ಹೆಜ್ಜೆ ಮುಂದೆ ಬಂದ. ಆಮೇಲೆ ನಿಂತ. ಸುತ್ತ ಯಾರೂ ಉಸಿರಾಡುತ್ತಿರಲಿಲ್ಲ.

"ಯಾಕ್ರಿ? ಏನಾತು?" ಎಂದ.

ಕಂಠೆಪ್ಪನೇ ಹೇಳಬೇಕಾಯಿತು. "ಅಣ್ಣ ತೀರಿಕೊಂಡಿದ್ದು ಶಿವರಾತ್ರಿ ಮುಂದ. ನೀ ಬಂದಿದ್ದು ಮೊನ್ನಿ. ಅಣ್ಣ ಇದ್ದಾಗ ತುಂಬಿಸಿಟ್ಟ ಹೆಸರು ಅಷ್ಟ ಮಷೀನು ಕೂಗತೈತಿ ಅಂತ ಹೇಳಿದ್ರು. ನಿನ್ನ ಹೆಸರು ಅಣ್ಣಗ ಯಾರು ಹೇಳಿದ್ರು?"

ಹುಸೇನಸಾಬನ ಮುಖ ಸುಣ್ಣವಾಯಿತು. "ನಾ ಓ ಅಂದ್‌ಬಿಟ್ಟೆ" ಎಂದ. ಅಷ್ಟೇ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಗೇಟಿನಿಂದ ಹೊರಗೆ ನಡೆದವನು ಮತ್ತೆ ಬರಲಿಲ್ಲ. ಪರ್ವರಿಯಲ್ಲಿ ಕಟ್ಟಡದ ಕೆಲಸಕ್ಕೆ ಹತ್ತಿದನೆಂದು, ಅಲ್ಲಿ ಬೇರೆ ಹೆಸರು ಹೇಳಿದ್ದಾನೆಂದು ಆಮೇಲೆ ಸುದ್ದಿ ಬಂತು.

ಗುರುಲಿಂಗ ಹೊರಗೆ ಓಡಿಬಂದು ಎಲ್ಲವನ್ನೂ ಬಿಡಿಸಿ ಹೇಳಿದ. ಎರಡು ಹೆಸರು, ಎರಡು ತುಂಡು, ಕೂಡಿಸಿದ್ದು ತಾನೇ. ಮಂದಿ ಕೇಳಿದರು. ಕಂಠೆಪ್ಪ, "ಯಾಕ ಕೂಡಿಸಿದ್ರಿ ಸಾಹೇಬ್ರ? ಯಾರು ಹೇಳಿದ್ರು?" ಎಂದ.

ಯಾರೂ ಹೇಳಿರಲಿಲ್ಲ. ಸತ್ತವನ ಬಾಯಲ್ಲಿ ಹೊಸ ಮಾತು ಹುಟ್ಟಿಸಿದ್ದು ಖುಷಿಗೆ ಎಂದು ಹೇಗೆ ಹೇಳುವುದು?

ಮರುದಿನದಿಂದ ಅಂಗಳ ಬೇರೆಯಾಯಿತು. ಆ ಕಡೆಯ ಊರುಗಳಲ್ಲಿ ಮಕ್ಕಳಿಗೆ ಮೊದಲೇ ಕಲಿಸಿರುತ್ತಾರೆ: ಮುಖ ಕಾಣದೆ ಯಾರಾದರೂ ಹೆಸರು ಹಿಡಿದು ಕರೆದರೆ ತಕ್ಷಣ ಓ ಎನ್ನಬಾರದು. ದೆವ್ವಕ್ಕೆ ಎರಡೇ ಕೂಗು. ಮೂರನೆಯದು ಬಂದರೆ ಮನುಷ್ಯ, ಆಗ ಓಗೊಡಬಹುದು. ಇನ್ನೂರು ಮಂದಿ ದೊಡ್ಡವರು, ಬಾರ್ಜಿನಿಂದ ಬಾರ್ಜಿಗೆ ಜಿಗಿಯುವ ಗಟ್ಟಿ ಗುಂಡಿಗೆಯವರು, ಮೊದಲ ಕೂಗಿಗೆ ಕಲ್ಲಿನಂತೆ ನಿಂತರು. ಎರಡನೆಯದಕ್ಕೂ ನಿಂತರು. ಮೂರನೆಯದು ಬಿದ್ದ ಮೇಲೆ, ಗುಂಡಿ ಒತ್ತುವ ಮುಂಚಿನ ಸಂದಿಯಲ್ಲಿ, "ಹಾಜರ್" ಎಂದರು. ಇಪ್ಪತ್ತು ನಿಮಿಷದ ಹಾಜರಿಗೆ ಒಂದು ತಾಸು ಹಿಡಿಯಿತು. ಒಂದು ತಾಸು ಅಂಗಳದಲ್ಲಿ ಲೋಕಪ್ಪ ಒಬ್ಬನೇ ಕೂಗಿದ, ಕೆಮ್ಮಿದ, ಉಸಿರೆಳೆದ. ಗೇಟಿನ ಹೊರಗೆ ನೀಲವ್ವ ತಲೆ ತಗ್ಗಿಸಿ ಕೂತಿದ್ದಳು.

ಮಂಗಳವಾರ ಸಂಜೆಯೇ ಶಂಕರಲಿಂಗ ಕರೆಸಿದರು. "ಶುಕ್ರವಾರ ದೊಡ್ಡ ಹಡಗ ಬರ್ತೈತಿ. ಅಷ್ಟರಾಗ ಇದನ್ನ ದಾರಿಗೆ ತಾ. ದನಿ ತಗೀತಿಯೋ, ಇಡತಿಯೋ, ನನಗ ಸಂಬಂಧಿಲ್ಲ. ಏಳಕ್ಕ ಮಂದಿ ಮ್ಯಾಲಿರಬೇಕು."

ತೆಗೆಯುವ ಮಾತೇ ಗುರುಲಿಂಗನಿಗೆ ಸಹಿಸಲಾಗಲಿಲ್ಲ. ಅವನು ಮಾಡಿದ್ದರಲ್ಲೆಲ್ಲ ಚೆನ್ನಾದದ್ದು ಅದೊಂದೇ. ಅದೂ ಅಲ್ಲದೆ ಆ ಮುದುಕಿ ದಿನಾ ಬಂದು ಕೂಡುತ್ತಾಳಲ್ಲ. ತನ್ನ ಆಸೆಗೆ ಅವಳ ಸೆರಗನ್ನು ಹೊದಿಸಿ ಇಟ್ಟುಕೊಂಡ. ಬರೀ ಉಸಿರು ತೆಗೆದರೆ ಸಾಕು, ಮಂದಿಗೆ ಭಯ ಹುಟ್ಟಿಸುವುದು ಅದೇ ಎಂದು ಉಸಿರು, ಕೆಮ್ಮು ಎಲ್ಲ ತೆಗೆದುಹಾಕಿದ. ಬುಧವಾರ ಬೆಳಿಗ್ಗೆ ಮಷೀನು ಹಾಗೆಯೇ ಕೂಗಿತು. ಹೆಸರಾದ ಮೇಲೆ ಹೆಸರು, ನಡುವೆ ಏನೂ ಇಲ್ಲ. ಉಸಿರಿದ್ದಾಗ ಲೋಕಪ್ಪ ಎಲ್ಲೋ ಮರೆಯಲ್ಲಿ ನಿಂತು ಕೂಗಿದ ಹಾಗಿತ್ತು. ಉಸಿರು ತೆಗೆದ ಮೇಲೆ ಅವನು ಸತ್ತಿದ್ದಾನೆ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಕೆಲವರು ಮೂರನೆಯ ಕೂಗಿಗೂ ಬಾಯಿ ಬಿಡಲಿಲ್ಲ.

ಬೇರೆ ಯಾರದಾದರೂ ದನಿ ತುಂಬೋಣವೆಂದು ಕಂಠೆಪ್ಪನನ್ನು ಕೇಳಿದ. ಕಂಠೆಪ್ಪ ಕೈ ಮುಗಿದ. "ದನಿ ಕೊಟ್ಟವ ನಾಕ ತಿಂಗಳಿಗೆ ಹ್ವಾದ. ಈಗ ನೀವು ಊರೆಲ್ಲ ತಿರುಗ್ರಿ, ಯಾರ್ ಕೊಡ್ತಾರ ನೋಡೂಣು. ಮಷೀನ ಬ್ಯಾಡ್ರಿ ಸಾಹೇಬ್ರ. ಮುಂದ ನಿಂತು, ಮಾರಿ ತೋರಿಸಿ, ಜೀವ ಇದ್ದವ ಕೂಗ್ಲಿ."

ಗುರುವಾರ ಮಧ್ಯಾಹ್ನ ಗುರುಲಿಂಗ ಮಾಂಗೋರ ಗುಡ್ಡ ಹತ್ತಿದ. ನೀಲವ್ವ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೂಡಲು ಚಾಪೆ ಕೊಟ್ಟಳು, ನೀರು ಕೊಟ್ಟಳು, ಮತ್ತೆ ಜರಡಿ ಹಿಡಿದಳು.

"ಅವ್ವಾರ, ದನಿ ತಗೀರಿ ಅಂತ ಸಾವಕಾರ್ರು ಹೇಳಾಕತ್ತಾರ. ನಿಮ್ಮನ್ನ ಕೇಳದ ತಗಿಯಾಕ ಮನಸ್ಸಾಗಲಿಲ್ಲ. ದಿನಾ ಕೇಳಾಕ ಬರ್ತೀರಿ..."

ಅವಳು ಜರಡಿ ನಿಲ್ಲಿಸಿದಳು. "ನಾ ರೊಟ್ಟಿ ಮಾರಾಕ ಬರತೇನಿ. ಆರರಿಂದ ಏಳರ ಒಳಗ ಮಾರಿದ್ರ ಮಾರಿದಂಗ. ಕಿವಿ ಮನ್ಯಾಗ ಇಟ್ಟು ಬರಾಕ ಬರೂದಿಲ್ಲಲ್ಲೋ ಅಪ್ಪಾ."

ಗುರುಲಿಂಗ ನೀರಿನ ಲೋಟ ಕೆಳಗಿಟ್ಟ. "ಅವರಿಗೆ ಆ ಕೆಲಸ ಅಂದ್ರ ಭಾಳ ಖುಷಿ ಇತ್ತಲ್ರಿ. ಹಾಡಿದಂಗ..." ಎಂದ.

"ಖುಷಿ?" ನೀಲವ್ವ ಆ ಶಬ್ದವನ್ನು ಹಿಟ್ಟಿನಲ್ಲಿ ಸಿಕ್ಕ ಹರಳಿನಂತೆ ಎತ್ತಿ ನೋಡಿದಳು. "ಎಂಟು ಮಂದಿ ಮಲ್ಲಪ್ಪ ಇದ್ರ ಎಂಟು ನಮೂನಿ ಕೂಗದ ಏನ್ ಮಾಡ್ತಾರ? ಒಬ್ಬನ ಕೂಲಿಗೆ ಇನ್ನೊಬ್ಬ ಹೋದ್ರ ಹೊಡದಾಟ. ಅದಕ್ಕ ರಾಗ. ಮನಿಗೆ ಬಂದು ಉಪ್ಪುನೀರು ಬಾಯಾಗ ಹಿಡಕೊಂಡು ಕೂಡ್ತಿದ್ರು. ಸಂಜಿತನಾ ಒಂದು ಮಾತಿಲ್ಲ. ಅಲ್ಲೇ ಎಲ್ಲಾ ದನಿ ಕೊಟ್ಟು ಬರ್ತಿದ್ರು, ನನ್ನ ಜೋಡಿ ಮಾತಾಡಾಕ ಉಳೀತಿದ್ದಿಲ್ಲ. ಇಪ್ಪತ್ತೆರಡು ವರ್ಷ ನಾ ಕೈಸನ್ನಿಯೊಳಗ ಸಂಸಾರ ಮಾಡೇನಿ."

ಹೊರಗೆ ಯಾರದೋ ಮೋಟರ್ ಸೈಕಲ್ಲು ಏದುಸಿರು ಬಿಡುತ್ತ ಗುಡ್ಡ ಹತ್ತಿತು. ಅವಳು ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು.

"ಕೆಲಸ ಬಿಡಿಸಿದ ಮ್ಯಾಲ ಮಾತಾಡಾಕ ಶುರು ಮಾಡಿದ್ರು. ನಾಕು ತಿಂಗಳು. ಭಾಳ ಮಾತಾಡಿದ್ರು. ಅದಕ್ಕ ನಾ ನಿನ್ನ ಬೈಯೂದಿಲ್ಲ. ಆದ್ರ ಒಂದು ತಿಳಕೋ. ಅವರು ಕೂಗಿದ್ರ ಇನ್ನೂರು ಮಂದಿ ಓ ಅಂತಿದ್ರು. ಅಷ್ಟ ಅವರು ಗಳಿಸಿದ್ದು. ಈಗ ಅವರ ದನಿ ಕೇಳಿ ಮಂದಿ ದೆವ್ವ ಕರದಂಗ ಬಾಯಿ ಮುಚ್ಚಿ ನಿಂದರತಾರ. ನನ್ನ ಕಣ್ಣ ಮುಂದ ನಿಂದರತಾರ. ಸತ್ತ ಮ್ಯಾಲೂ ರಜಾ ಕೊಡಲಿಲ್ಲ ನೀವು ಅವರಿಗೆ."

ಅವಳು ಮತ್ತೆ ಜರಡಿ ಎತ್ತಿಕೊಂಡಳು.

ಗುಡ್ಡ ಇಳಿದು ಗುರುಲಿಂಗ ನೇರ ಆಫೀಸಿಗೆ ಬಂದ. ಎಲ್ಲವನ್ನೂ ಅಳಿಸಲು ಒಂದೇ ಆಜ್ಞೆ ಸಾಕಿತ್ತು; ಅರೆ ನಿಮಿಷದ ಮಾತು. ಅದು ಬಹಳ ಸುಲಭವೆನಿಸಿ, ಅದೇ ಕಾರಣಕ್ಕೆ, ಅವನು ಹಾಗೆ ಮಾಡಲಿಲ್ಲ. ಒಂದು ಹೆಸರು ತೆರೆದ, ಕೇಳಿದ, ಅಳಿಸಿದ. ಮುಂದಿನದು ತೆರೆದ. ಮೊದಲ ಇಪ್ಪತ್ತು ಹೆಸರುಗಳಿಗೆ ಎದೆ ಹಿಂಡಿತು. ಐವತ್ತಕ್ಕೆ ಬೆರಳು ನೋಯತೊಡಗಿತು. ನೂರು ದಾಟಿದ ಮೇಲೆ ಬೇಸರ ಬಂತು. ಎಂಥ ಬೇಸರವೆಂದರೆ ಎದ್ದು ಹೋಗಿಬಿಡೋಣ ಎನ್ನುವಂಥದ್ದು. ಎರಡು ವರ್ಷದಲ್ಲಿ ಆ ಕುರ್ಚಿಯ ಮೇಲೆ ಮೊದಲ ಸಲ ಅವನಿಗೆ ಹಾಗಾಯಿತು. ಗಡಿಯಾರ ನೋಡಿದ. ಪಗಾರ ಯಾಕೆ ಕೊಡುತ್ತಾರೆಂದು ಅವನಿಗೆ ಆಗ ತಿಳಿಯಿತು. ತಿಳಿದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಯೋಚಿಸುವಷ್ಟು ತ್ರಾಣ ಇರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊನೆಯ ಮಲ್ಲಪ್ಪ ಹೋದ.

"ಹಂಗಾರ ನಾಳೆ ಕೂಗವರು ಯಾರು?" ಶಂಕರಲಿಂಗ ಕೇಳಿದರು.

ಗುರುಲಿಂಗ ಹೆಸರಿನ ಪಟ್ಟಿಯನ್ನು ಮೇಜಿನ ಮೇಲಿಟ್ಟ.

"ಕೂಗವನ ಕೆಲಸ ಕಸಗೊಂಡವ ನೀನ. ಮಾಡು" ಎಂದು ಅವರು ಕನ್ನಡಕ ಹಾಕಿಕೊಂಡರು.

ಶುಕ್ರವಾರ ಆರಕ್ಕೆ ಐದು ನಿಮಿಷವಿದ್ದಾಗ ಗುರುಲಿಂಗ ಪಟ್ಟಿ ಹಿಡಿದು ಕಟ್ಟೆ ಹತ್ತಿದ. ಸಮುದ್ರದ ಕಡೆಯಿಂದ ಗಾಳಿ ಬರುತ್ತಿತ್ತು, ದೊಡ್ಡ ಹಡಗು ದೂರದಲ್ಲಿ ದೀಪ ಆರಿಸುತ್ತಿತ್ತು. ಲೌಡ್‌ಸ್ಪೀಕರಿನ ತಂತಿ ಕಿತ್ತು ಹಾಕಿದ್ದನ್ನು ಎಲ್ಲರೂ ನೋಡಿದ್ದರು. ಮುಂದೆ ನಿಂತು, ಮಾರಿ ತೋರಿಸಿ, ಜೀವ ಇದ್ದವನೇ ಕೂಗಲು ಬಂದಿದ್ದ. ಕಂಠೆಪ್ಪ ಎದುರಿಗೇ ಹತ್ತು ಹೆಜ್ಜೆ ದೂರದಲ್ಲಿ, ಸಮಾಧಾನದಿಂದ ಕೈ ಕಟ್ಟಿಕೊಂಡು ನಿಂತಿದ್ದ.

ಪಟ್ಟಿಯ ಮೊದಲ ಹೆಸರು ಅವನದೇ. ಗುರುಲಿಂಗ ಉಸಿರೆಳೆದುಕೊಂಡ.

"ಕಂಠೆಪ್ಪಾ."

ದನಿ ಗುರುಲಿಂಗನದೇ, ತೆಳ್ಳಗೆ, ಇನ್ನೂ ಹದಕ್ಕೆ ಬರದ್ದು. ಆದರೆ ರಾಗ ಅವನದಲ್ಲ. ಮೊದಲು ಇಳಿದು, ನಡುವೆ ತಡೆದು, ಕೊನೆಗೆ ಸ್ವಲ್ಪ ಮೇಲೆತ್ತಿ ಬಿಡುವ ಅದೇ ಲೋಕಪ್ಪನ ಕೂಗು. ಸಾವಿರ ಸಲ ಕತ್ತರಿಸಿ, ಅಂಟಿಸಿ, ಕೇಳಿದ್ದ ಆ ಹೆಸರನ್ನು ಬೇರೆ ರೀತಿ ಹೇಳಲು ಅವನ ನಾಲಿಗೆಗೆ ಗೊತ್ತಿರಲಿಲ್ಲ. ಬೇಕೆಂದು ಮಾಡಿದ್ದಲ್ಲ. ಹಾಗೆಂದು ಯಾರಿಗೆ ಹೇಳುವುದು?

ಕಂಠೆಪ್ಪ ಕಟ್ಟಿದ ಕೈ ಬಿಡಿಸಿದ. ನೇರ ಗುರುಲಿಂಗನ ಮುಖವನ್ನೇ ನೋಡುತ್ತಿದ್ದ. ಬಾಯಿ ತೆರೆಯಲಿಲ್ಲ. ಹಿಂದೆ ಇನ್ನೂರು ಮಂದಿ ಒಂದು ಕೆಮ್ಮೂ ಇಲ್ಲದೆ ನಿಂತರು. ಗೇಟಿನ ಹೊರಗೆ ರೊಟ್ಟಿ ಮಡಚುತ್ತಿದ್ದ ನೀಲವ್ವನ ಕೈ ನಿಂತಿತು.

ಗುರುಲಿಂಗ ಎಳೆದು ಕೂಗಿದ. "ಕಂಠೆಪ್ಪಾ..."

ಯಾರೂ ಅಲುಗಲಿಲ್ಲ.

ಅವನು ಮೂರನೆಯ ಸಲ, ಕಡಿದ ಹಾಗೆ, ಕೂಗಿದ.

"ಹಾಜರ್ರಿ" ಎಂದ ಕಂಠೆಪ್ಪ. ದ್ವೇಷವೂ ಇರಲಿಲ್ಲ, ನಗುವೂ ಇರಲಿಲ್ಲ. ತನ್ನ ಸಾಮಾನು ಎತ್ತಿಕೊಂಡು, ಕಟ್ಟೆಯ ಕಡೆ ನೋಡದೆ, ಗೇಟಿನತ್ತ ಹೋದ.

ಗುರುಲಿಂಗ ಆ ಹೆಸರಿನ ಮುಂದೆ ಗುರುತು ಹಾಕಿದ. ಗಂಟಲು ಆಗಲೇ ಉರಿಯುತ್ತಿತ್ತು. ಪಟ್ಟಿಯಲ್ಲಿ ಇನ್ನೂ ಇನ್ನೂರ ಹನ್ನೊಂದು ಹೆಸರಿದ್ದವು.